ಮೇಲಿನ ಮನೆ ಅಕ್ಕನ ಹಳೇ ನಂಬರು

ನಾನು ಓದು ನಿಲ್ಲಿಸಿದ್ದು 2004ರಲ್ಲಿ. ಫಸ್ಟ್ ಪಿಯುಸಿಗೆ ಸೇರಿ ನಾಲ್ಕು ತಿಂಗಳು ಹೋದೆ, ಐದನೇ ತಿಂಗಳು ಹೋಗಲಿಲ್ಲ. ಇದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಮುಂದೆ ಡಿಗ್ರಿ ಇಲ್ಲ. ಜಾಗ ಖಾಲಿ ಕಾಣಬಾರದು ಎಂದು ಹೆಸರನ್ನೇ ಸ್ವಲ್ಪ ದೊಡ್ಡದಾಗಿ ಹಾಕಿಸಿದ್ದೇನೆ.

ಹೋದ ವಾರ ಆಫೀಸಿನಲ್ಲಿ ನನ್ನ ಕುರ್ಚಿ ಕಿರುಗುಟ್ಟುತ್ತದೆ ಎಂದು ನಮ್ಮಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಮನೆಯಿಂದ ಒಂದು ಪುಟ್ಟ ಬಾಟಲಿ ಎಣ್ಣೆ ತಂದು ಬಿಟ್ಟಳು. ಹೊಲಿಗೆ ಮಿಷನ್ನಿಗೆ ಹಾಕುವ ಎಣ್ಣೆ. ನೀರಿನ ಹಾಗೆ ತೆಳ್ಳಗೆ, ಸೀಮೆಎಣ್ಣೆಗೆ ದೂರದ ನೆಂಟ ಅನ್ನುವಂಥ ವಾಸನೆ. ಕುರ್ಚಿ ಸುಮ್ಮನಾಯಿತು, ನಾನು ಆಗಲಿಲ್ಲ. ಬ್ಯಾಡರಹಳ್ಳಿಯ ನಮ್ಮ ಹಳೇ ಬಾಡಿಗೆ ಮನೆ, ಅದರ ಪಕ್ಕದ ಕಬ್ಬಿಣದ ಮೆಟ್ಟಿಲು, ಮೆಟ್ಟಿಲು ಮುಗಿಯುವಲ್ಲಿ ಶೀಟಿನ ಛಾವಣಿಯ ಒಂದೇ ಕೋಣೆ, ಆ ಕೋಣೆಯಲ್ಲಿದ್ದ ಅಕ್ಕ... ಎಲ್ಲ ಒಟ್ಟಿಗೆ ಬಂದು ಎದುರು ನಿಂತರು.

ಕೊರೊನಾ ಕಳೆದ ಮೇಲಿನ ಮಾತು. ಅಕ್ಕ ಒಂದು ಚೀಲ ಹಿಡಿದು ಬಂದಿದ್ದರು. ತಿಂಗಳೊಳಗೆ ಹಳೇ ಹೊಲಿಗೆ ಮಿಷನ್ನೊಂದು ಮೆಟ್ಟಿಲು ಹತ್ತಿತು. ಹೊತ್ತವರಲ್ಲಿ ನಾನೂ ಒಬ್ಬ. ಗೇಟಿಗೆ ಒಂದು ರಟ್ಟು ನೇತುಬಿತ್ತು: ‘ಸೀರೆಗೆ ಫಾಲ್ ಹಚ್ಚಲಾಗುವುದು, ಬ್ಲೌಸ್ ಹೊಲಿಯಲಾಗುವುದು.’ ಮಾತು ಶುರು ಮಾಡಿದರೆ ಉತ್ತರ ಕರ್ನಾಟಕದವರು ಎಂದು ತಿಳಿಯುತ್ತಿತ್ತು. ಆದರೆ ಶುರು ಮಾಡುತ್ತಿದ್ದುದೇ ಕಡಿಮೆ. ಬೀದಿಯ ಹೆಂಗಸರು ಗಂಡ ಎಲ್ಲಿ ಎಂದರೆ “ಊರಾಗ ಅದಾರ್ರಿ” ಅನ್ನುವರು. ಯಾವ ಊರು ಎಂದರೆ “ಆ ಕಡೆ” ಅನ್ನುವರು. ಬೀದಿ ತನಗೆ ಬೇಕಾದ ಕತೆಯನ್ನು ತಾನೇ ಕಟ್ಟಿಕೊಂಡಿತು. ನನ್ನ ಹೆಂಡತಿಗೆ ಮಾತ್ರ ಕತೆ ಬೇಕಿರಲಿಲ್ಲ. ಕಂಕುಳಲ್ಲಿ ಎಳೆಯದ ಬ್ಲೌಸ್ ಹೊಲಿದುಕೊಟ್ಟವರ ಬಗ್ಗೆ ಅವಳು ಕೆಟ್ಟ ಮಾತು ಕೇಳುವವಳೇ ಅಲ್ಲ.

ಒಂದು ಸಂಗತಿಯನ್ನು ನಾನೇ ಗಮನಿಸಿದ್ದೆ. ಅಕ್ಕ ಊಟ ಮಾಡುವುದು, ಬರೆಯುವುದು ಬಲಗೈಯಲ್ಲಿ. ಕತ್ತರಿ ಹಿಡಿಯುವುದು ಮಾತ್ರ ಎಡಗೈಯಲ್ಲಿ. ಬಲಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಮೂಳೆ ಮುರಿದಾಗ ಆಸ್ಪತ್ರೆಗೆ ಕರೆದೊಯ್ಯದಿದ್ದರೆ ಹಾಗೆ ಕೂಡುತ್ತದೆ. ಅದನ್ನು ನೋಡಿದ ಮೇಲೆ ಯಾಕೆ ಊರು ಬಿಟ್ಟಿರಿ ಎಂದು ಕೇಳುವ ಅಗತ್ಯ ನನಗೆ ಕಾಣಲಿಲ್ಲ.

ಈಗ ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಓದು ಬಿಟ್ಟವನು ವಿಜಯನಗರದಲ್ಲಿ ಒಬ್ಬ ಕೇಬಲ್ ಆಪರೇಟರ ಬಳಿ ಸೇರಿದೆ. ಕಂಬ ಹತ್ತಿದೆ, ಮಹಡಿಯಿಂದ ಮಹಡಿಗೆ ತಂತಿ ಎಸೆದೆ. ಮಾಗಡಿ ರಸ್ತೆಯ ಎರಡೂ ಕಡೆ ನನ್ನ ಕೈ ತಾಗದ ತಂತಿ ಕಡಿಮೆ. ಟಿವಿ ಹೋಗಿ ಇಂಟರ್ನೆಟ್ ಬಂತು. ನಮ್ಮ ಓನರು ಕೇಬಲ್ಲನ್ನು ಬೇರೆಯವರಿಗೆ ಮಾರಿ, ಬಸವೇಶ್ವರನಗರದಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು, ವೆಬ್‌ಸೈಟುಗಳನ್ನು ನೋಡಿಕೊಳ್ಳುವ ಕಂಪನಿ ಮಾಡಿದರು. ನನ್ನನ್ನೂ ಜೊತೆಗೆ ಕರೆದುಕೊಂಡರು. ಕಪ್ಪು ಪರದೆಯ ಮೇಲೆ ಮೌಸ್ ಮುಟ್ಟದೆ ಬರೀ ಕಮಾಂಡು ಟೈಪ್ ಮಾಡಿ ಕೆಲಸ ಮಾಡುವುದನ್ನು ಅಲ್ಲೇ ಕಲಿತೆ. ಯಾರೂ ಕೂರಿಸಿ ಕಲಿಸಲಿಲ್ಲ. ಹುಡುಕಲು ಒಂದು ಕಮಾಂಡು, ತಿದ್ದಲು ಒಂದು, ಎರಡನ್ನೂ ಪೋಣಿಸಲು ಒಂದು ಗೀಟು. ಹೂ ಕಟ್ಟುವವರ ಕೈ ನೋಡಿದ್ದೀರಲ್ಲ, ಒಮ್ಮೆ ಅಭ್ಯಾಸವಾದರೆ ಕಣ್ಣು ಬೇಕಿಲ್ಲ.

ವಿಡಿಯೋ ಒಂದೇ ಊರಿನ ಮಿಷನ್ನಿನಲ್ಲಿದ್ದರೆ ದೂರದವರಿಗೆ ಸುತ್ತುತ್ತಾ ಕೂರುತ್ತದೆ. ಅದಕ್ಕೆ ಅದರ ನಕಲುಗಳನ್ನು ಊರೂರಿನ ಮಿಷನ್ನುಗಳಲ್ಲಿ ಇಟ್ಟಿರುತ್ತಾರೆ. ಹಾಲಿಗೆ ಯಾರೂ ಡೈರಿಗೆ ಹೋಗುವುದಿಲ್ಲವಲ್ಲ, ಬೀದಿಯ ಬೂತಿಗೆ ಹೋಗುತ್ತೇವೆ, ಹಾಗೆ. ಇದಕ್ಕೆ ಸಿಡಿಎನ್ ಎಂದು ಹೆಸರು. ಆದರೆ ಈ ಬೂತಿನವನಿಗೆ ಒಂದು ಚಾಳಿ. ಯಾರು ಬಂದರು, ಎಷ್ಟು ಹೊತ್ತಿಗೆ, ಯಾವ ಕನೆಕ್ಷನ್ನಿನಿಂದ, ಏನು ಕೇಳಿದರು ಎಂದು ಪ್ರತಿ ಸಲವೂ ಒಂದು ಸಾಲು ಬರೆದಿಡುತ್ತಾನೆ. ಆ ಸಾಲುಗಳ ರಾಶಿಗೆ ಲಾಗ್ ಅನ್ನುತ್ತೇವೆ. ಬೇರೆಯವರ ಕೈಗೆ ಕೊಡುವ ಮೊದಲು ಅದರಲ್ಲಿ ಜನರ ಗುರುತು ಹೇಳುವುದನ್ನೆಲ್ಲ ತೆಗೆಯಬೇಕು. ಆ ಕೆಲಸ ನನ್ನದು. ಲಾಗ್ ತೊಳೆಯುವುದು ಎಂದು ನಾನು ಇಟ್ಟ ಹೆಸರು.

ಅಕ್ಕ ಬಂದ ಕೆಲವು ತಿಂಗಳಿಗೆ ತೊಳೆಯಲು ಬಂದದ್ದು ಒಂದು ಆನ್‌ಲೈನ್ ಹೊಲಿಗೆ ಕ್ಲಾಸಿನ ಲಾಗು. ಸೇರಿದವರಿಗೆ ಒಂದು ಲಿಂಕು ಬರುತ್ತದೆ, ಒತ್ತಿದರೆ ಪಾಠ. ಆ ಲಿಂಕಿನೊಳಗೇ ಸೇರಿದವರ ಮೊಬೈಲ್ ನಂಬರನ್ನು ಕೂರಿಸಿದ್ದರು. ಮಾಡಿದವನು ಯಾರೋ ಅವಸರದವನು. ಹಾಗಾಗಿ ಲಾಗಿನ ಪ್ರತಿ ಸಾಲಿನಲ್ಲೂ ಒಬ್ಬ ಹೆಣ್ಣುಮಗಳ ನಂಬರು. ಯಾವ ಊರಿನಲ್ಲಿ ಎಷ್ಟು ಜನ ನೋಡುತ್ತಾರೆ, ಎಷ್ಟು ಜನ ಮತ್ತೆ ಮತ್ತೆ ಬರುತ್ತಾರೆ ಎಂದು ಲೆಕ್ಕ ಹಾಕಿಸಲು ಕ್ಲಾಸಿನವರು ಹುಬ್ಬಳ್ಳಿಯ ಒಂದು ಆಫೀಸಿಗೆ ಒಪ್ಪಿಸಿದ್ದರು. ನಂಬರು ತೆಗೆದು ಅವರಿಗೆ ಕಳಿಸು ಎಂದರು ಓನರು.

ಭಾನುವಾರ ಬೆಳಿಗ್ಗೆ ಬಾಗಿಲ ಬಳಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಹೆಂಡತಿಯ ಬ್ಲೌಸ್ ಕೊಡಲು ಅಕ್ಕ ಇಳಿದು ಬಂದರು.

“ಏನ್ರೀ ಅಣ್ಣಾರ, ಐತಾರನೂ ಬಿಡಂಗಿಲ್ಲೇನು ಕೆಲಸ?”

“ಲಾಗ್ ತೊಳೀತಾ ಇದೀನಿ ಅಕ್ಕ. ಹೊಲಿಗೆ ಕ್ಲಾಸಿಂದು, ನಿಮ್ಮ ಲೈನಿಂದೇ.”

“ಬಕೆಟಲ್ಲಿ ಬಟ್ಟೆ ನೆಂದಿದೆ, ಅದನ್ನ ತೊಳೀರಿ ಅಂದ್ರೆ ಆಗಲ್ಲ. ಲಾಗ್ ತೊಳೀತಾರಂತೆ, ಲಾಗು,” ಒಳಗಿನಿಂದ ನನ್ನ ಹೆಂಡತಿ.

ಅಕ್ಕ ನಗಲಿಲ್ಲ. ಯಾವ ಕ್ಲಾಸು ಎಂದು ಕೇಳಿದರು, ಹೇಳಿದೆ. ಎಲ್ಲಿಗೆ ಹೋಗತೈತಿ ಎಂದು ಕೇಳಿದರು. ಹುಬ್ಬಳ್ಳಿಯ ಆ ಆಫೀಸಿನ ಹೆಸರು ಹೇಳಿದೆ. ಬ್ಲೌಸನ್ನು ನನ್ನ ಕೈಗೂ ಕೊಡದೆ, ಕೆಳಗೂ ಇಡದೆ, ಮೆಟ್ಟಿಲ ಮೇಲೆ ಕೂತುಬಿಟ್ಟರು.

“ನನ್ನ ಮೈದುನ ಅಲ್ಲೇ ಕೆಲಸಕ್ಕ ಅದಾನ್ರೀ.”

ಹೆಂಡತಿ ನೀರು ತಂದಳು. ಅಕ್ಕ ಸ್ವಲ್ಪಸ್ವಲ್ಪವಾಗಿ ಹೇಳಿದರು. ಗಂಡನ ಮನೆ ಬಿಟ್ಟು ಬರುವಾಗ ಸಿಮ್ಮು ಮುರಿದು ರೈಲಿನ ಕಿಟಕಿಯಿಂದ ಎಸೆದಿದ್ದರು. ಹೊಸ ಸಿಮ್ಮು ತೆಗೆದುಕೊಂಡರು. ತವರಿಗೂ ತಿಳಿಸಲಿಲ್ಲ. ಅಷ್ಟೆಲ್ಲ ಜೋಪಾನ ಮಾಡಿದವರು ಒಂದನ್ನು ಬಿಟ್ಟಿರಲಿಲ್ಲ. ಊರಿನಲ್ಲಿದ್ದಾಗ ಕದ್ದುಮುಚ್ಚಿ ಸೇರಿದ್ದ ಹೊಲಿಗೆ ಕ್ಲಾಸಿನ ಹಳೇ ಲಿಂಕು ಫೋನಿನಲ್ಲೇ ಇತ್ತು. ಮನೆ ಓನರಮ್ಮನ ವೈಫೈನಲ್ಲಿ ಅದನ್ನೇ ಒತ್ತಿ ಪಾಠ ನೋಡುತ್ತಿದ್ದರು.

“ವರ್ಷದ ಫೀಸು ತುಂಬಿದ್ನಲ್ರೀ... ಪ್ರಿನ್ಸೆಸ್ ಕಟ್ ಬ್ಲೌಸಿನ ಪಾಠ ಇನ್ನಾ ಉಳದಿತ್ತು. ಬಿಡಾಕ ಮನಸಾಗಲಿಲ್ಲ.”

ಸಿಮ್ಮು ರೈಲು ಹಳಿಯ ಪಕ್ಕ ಬಿದ್ದಿರಬಹುದು. ಆದರೆ ಅಕ್ಕ ಪಾಠ ನೋಡಿದಾಗೆಲ್ಲ ಬೂತಿನವನು ಆ ಹಳೇ ನಂಬರನ್ನೂ, ಪಕ್ಕದಲ್ಲಿ ವೈಫೈ ಕನೆಕ್ಷನ್ನಿನ ಗುರುತನ್ನೂ ಬರೆಯುತ್ತಲೇ ಇದ್ದ. ಆ ಕನೆಕ್ಷನ್ನು ದೊಡ್ಡ ಕಂಪನಿಯದಲ್ಲ. ನಮ್ಮ ಓನರ ಹಳೇ ಕೇಬಲ್ಲನ್ನು ಕೊಂಡವರದು. ಬ್ಯಾಡರಹಳ್ಳಿಯ ಕೆಲವೇ ಬೀದಿಗಳಲ್ಲಿ ಮಾತ್ರ ಇರುವಂಥದ್ದು. ಆ ಬೀದಿಗಳಲ್ಲಿ ಗೇಟಿಗೆ ಹೊಲಿಗೆಯ ರಟ್ಟು ತೂಗಿದ ಮನೆ ಹುಡುಕಲು ಎಷ್ಟು ಹೊತ್ತು ಬೇಕು? ಆ ತಂತಿಯನ್ನು ಕಂಬ ಹತ್ತಿ ಎಳೆದವನು ನಾನೇ. ನನಗೆ ಯಾರೂ ವಿವರಿಸಿ ಹೇಳಬೇಕಿರಲಿಲ್ಲ.

“ಹೆದರ್ಕೋಬೇಡಿ ಅಕ್ಕ. ನಂಬರೆಲ್ಲ ತೆಗೆದಾಗಿದೆ.”

“ನನ್ನದು ಅದರಾಗ ಐತೇನು, ಒಂದ್ಸಲ ನೋಡ್ರಿ.”

ಹಳೇ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದರು. ತೊಳೆದ ಲಾಗಿನಲ್ಲಿ ಹುಡುಕು ಎಂದು ಟೈಪ್ ಮಾಡಿ, ಇಲ್ಲ ಅಂತ ತೋರಿಸುವ ಹುಮ್ಮಸ್ಸಿನಲ್ಲಿ ಲ್ಯಾಪ್‌ಟಾಪನ್ನು ಅವರ ಕಡೆಗೇ ತಿರುಗಿಸಿ, ಗುಂಡಿ ಒತ್ತಿದೆ. ಪರದೆ ತುಂಬಿ, ಮೇಲಕ್ಕೆ ಸರಿದು, ಮತ್ತೆ ತುಂಬಿತು. ಸಾಲು ಸಾಲಿನ ಕೊನೆಯಲ್ಲೂ ಅದೇ ನಂಬರು.

ಏನಾಗಿತ್ತೆಂದರೆ, ಒಂದೊಂದು ಸಾಲಿನಲ್ಲಿ ನಂಬರು ಎರಡು ಕಡೆ ಬರುತ್ತದೆ. ನೋಡುವವರು ಕೇಳಿದ ಪುಟದಲ್ಲಿ ಒಮ್ಮೆ, ಅವರು ಯಾವ ಪುಟದಿಂದ ಬಂದರು ಎಂದು ಬಾಲದಲ್ಲಿ ಇನ್ನೊಮ್ಮೆ. ತಿದ್ದುವ ಕಮಾಂಡು ಸಾಲಿನಲ್ಲಿ ಮೊದಲು ಸಿಕ್ಕಿದ್ದನ್ನು ತಿದ್ದಿ ಮುಂದಿನ ಸಾಲಿಗೆ ಜಿಗಿಯುತ್ತದೆ. ಸಿಕ್ಕಿದ್ದನ್ನೆಲ್ಲ ತಿದ್ದು ಎಂದು ಬೇರೆಯಾಗಿ ಹೇಳಬೇಕು, ಹೇಳಿರಲಿಲ್ಲ. ಅಕ್ಕನಿಗೆ ಅದನ್ನೇ ವಿವರಿಸಿದೆ. ಅವರು ಪರದೆಯನ್ನೇ ನೋಡುತ್ತಾ ಅಂದರು:

“ಮ್ಯಾಲಿನ ಅರಿವಿ ಹೊಲಿಗಿ ಬಿಚ್ಚೀರಿ, ಒಳಗ ಲೈನಿಂಗಿನ ಹೊಲಿಗಿ ಹಂಗ ಐತಿ.”

ಇದಕ್ಕಿಂತ ಸರಿಯಾಗಿ ಯಾರಿಗೂ ಹೇಳಲು ಬಾರದು. ಕಮಾಂಡು ಸರಿ ಮಾಡಿ ಮತ್ತೆ ತೊಳೆದೆ, ಮತ್ತೆ ಹುಡುಕಿದೆ. ಈ ಸಲ ಪರದೆ ಖಾಲಿ. ಮೂಲೆಯಲ್ಲಿ ಗೀಟೊಂದು ಮಿಟುಕುತ್ತಿತ್ತು, ಅಷ್ಟೆ.

“ಏನೂ ಬರವಲ್ದಲ್ರೀ. ಕೆಟ್ಟಿತೇನು?”

“ಏನೂ ಬರದೇ ಇದ್ರೇನೇ ಸರಿ ಅಕ್ಕ.”

ಅಕ್ಕ ಬ್ಲೌಸ್ ಕೊಟ್ಟು ಮೇಲೆ ಹೋದರು. ನಾನು ಬಟ್ಟೆ ಒಗೆಯಲು ಕೂತೆ. ಒಗೆಯುತ್ತಾ ಒಗೆಯುತ್ತಾ ಇನ್ನೊಂದು ಹೊಳೆಯಿತು, ಸೋಪು ಕೈಯಲ್ಲೇ ನಿಂತಿತು. ನಂಬರು ತೆಗೆದ ಜಾಗವನ್ನು ನಾನು ಖಾಲಿ ಬಿಟ್ಟಿರಲಿಲ್ಲ. ಒಬ್ಬರೇ ಎಷ್ಟು ಸಲ ಬಂದರು ಎಂದು ಎಣಿಸಲು ಬೇಕು ಎಂದು, ಓನರ ಮಾತಿನಂತೆ ಪ್ರತಿ ನಂಬರಿಗೂ ಒಂದು ಉದ್ದನೆಯ ಕೋಡು ಹಾಕಿದ್ದೆ. ಕೋಡು ನೋಡಿ ನಂಬರು ಹೇಳಲು ಬರುವುದಿಲ್ಲ, ನಿಜ. ಆದರೆ ನಂಬರು ಗೊತ್ತಿದ್ದರೆ ಕೋಡು ಮಾಡಲು ಯಾರಿಗೂ ಬರುತ್ತದೆ. ಆ ವಿಧಾನ ಎಲ್ಲರಿಗೂ ಒಂದೇ. ಮೈದುನನಿಗೆ ನಂಬರು ಗೊತ್ತಿದೆ. ಕೋಡು ಮಾಡಿ ಹುಡುಕಿದರೆ ಆಯಿತು. ಬಾಗಿಲಿಗೆ ಬೀಗ ಜಡಿದು ಬೀಗದ ಕೈಯನ್ನು ಅವನ ಜೇಬಿಗೇ ಇಳಿಬಿಟ್ಟ ಹಾಗೆ.

ಸೋಮವಾರ ಓನರಿಗೆ ಹೇಳಿದೆ. ಅಕ್ಕನ ವಿಷಯ ಹೇಳುವಂತಿಲ್ಲ. ಕೋಡು ಸಾಲದು ಎಂದಷ್ಟೇ ಅಂದೆ.

“ಅಷ್ಟುದ್ದ ಕೋಡ್ ಹಾಕಿದೀಯಲ್ಲೋ, ಇನ್ನೇನ್ ಬೇಕು? ಕ್ಲಾಸಿನವರು ಬೆಳಿಗ್ಗೆಯಿಂದ ಫೋನ್ ಮಾಡ್ತಾವ್ರೆ. ಕಳಿಸು.”

“ಹಿಂಗೆ ಕಳಿಸಲ್ಲ ಸಾರ್.”

“ಓಹೋ. ಓನರ್ ನಾನಾ ನೀನಾ ಮಗಾ?”

“ನೀವೇ ಸಾರ್. ನಿಮ್ಮ ನಂಬರಲ್ಲೇ ತೋರಿಸ್ತೀನಿ ಇರಿ.”

ಓನರು ಆ ಕ್ಲಾಸನ್ನು ಪರೀಕ್ಷೆ ಮಾಡಲೆಂದು ತಮ್ಮ ನಂಬರಿನಿಂದಲೇ ಸೇರಿದ್ದು ನನಗೆ ನೆನಪಿತ್ತು. ಅವರ ಎದುರೇ ಅವರ ನಂಬರಿಗೆ ಕೋಡು ಮಾಡಿ, ತೊಳೆದ ಲಾಗಿನಲ್ಲಿ ಹುಡುಕಿದೆ. ಮೂರು ಸಾಲು ಬಂದವು. ಒಂದರ ತಾರೀಖು ನೋಡಿ ಕೇಳಿದೆ:

“ಸಾರ್, ಈ ಗುರುವಾರ ನೀವು ಮಂತ್ರಾಲಯಕ್ಕೆ ಹೋಗಿದ್ರಿ ಅಲ್ವಾ? ರಜಾ ಹೇಳಿ?”

ಓನರು ಕನ್ನಡಕ ಹಾಕಿಕೊಂಡು ಸಾಲನ್ನು ಓದಿದರು.

“ಇದು ನಮ್ಮ ರಾಜರಾಜೇಶ್ವರಿನಗರದ ಮನೆ ಕನೆಕ್ಷನ್ ಅಲ್ವೇನೋ?”

“ಅದೇ ಸಾರ್. ಮಧ್ಯಾಹ್ನ ಪಫ್ ತೋಳಿನ ಪಾಠ ನೋಡಿದೀರ.”

“ಥೂ ನಿನ್ನ... ಮನೇಲೇ ಬಿದ್ದಿದ್ದೆ ಕಣೋ. ಪ್ರಸಾದ ಕೊಟ್ನಲ್ಲ, ಅದು ನಮ್ಮ ಭಾವಮೈದ ತಂದಿದ್ದು.” ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ. ಕೆಮ್ಮು ನಿಂತ ಮೇಲೆ ಕನ್ನಡಕ ತೆಗೆದಿಟ್ಟರು. “ಗಂಡಸು ನಾನು, ನಂದು ತಮಾಷೆ ಆಯ್ತು. ಇದ್ರಲ್ಲಿ ಇರೋರೆಲ್ಲಾ ಹೆಣ್ಮಕ್ಳು ಅಲ್ವಾ? ಸರಿ, ಏನ್ ಮಾಡ್ಬೇಕೋ ಮಾಡು. ಕ್ಲಾಸಿನವರ ಹತ್ರ ನಾನ್ ಮಾತಾಡ್ತೀನಿ.”

ಮಾಡಿದ್ದು ಇಷ್ಟು. ಅರ್ಥವಿಲ್ಲದ ಒಂದು ಉದ್ದನೆಯ ಪದವನ್ನು ಮಿಷನ್ನಿನಿಂದಲೇ ಹುಟ್ಟಿಸಿ, ಪ್ರತಿ ನಂಬರಿಗೂ ಅದನ್ನು ಬೆರೆಸಿ, ಆಮೇಲೆ ಕೋಡು ಮಾಡಿದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಉಪ್ಪು ಬೆರೆಸುವುದು ಅನ್ನುತ್ತಾರೆ. ಒಂದು ನಂಬರಿಗೆ ಎಲ್ಲ ಕಡೆ ಒಂದೇ ಕೋಡು ಬರುವುದರಿಂದ ಎಣಿಸುವವರ ಲೆಕ್ಕಕ್ಕೆ ತೊಂದರೆಯಿಲ್ಲ. ಆದರೆ ಆ ಪದ ಗೊತ್ತಿಲ್ಲದವರು ನಂಬರು ಹಿಡಿದು ಎಷ್ಟು ತಿಣುಕಿದರೂ ಆ ಕೋಡು ಹುಟ್ಟುವುದಿಲ್ಲ. ಕೆಲಸ ಮುಗಿದ ಮೇಲೆ ಪದವನ್ನು ಅಳಿಸಿದೆ. ಕನೆಕ್ಷನ್ನಿನ ಗುರುತನ್ನೂ ಕಿತ್ತು ಊರಿನ ಹೆಸರಷ್ಟೇ ಉಳಿಸಿದೆ. ಅಕ್ಕನ ಸಾಲುಗಳಲ್ಲಿ ಈಗ ‘ಬೆಂಗಳೂರು’ ಎಂದಿತ್ತು. ಬೆಂಗಳೂರಿನಲ್ಲಿ ಹುಡುಕಿಕೊಳ್ಳಲಿ! ಕಳಿಸಿದ್ದು ತಲುಪಿತು ಎಂದು ಗೊತ್ತಾದ ಮೇಲೆ, ಓನರು ಮತ್ತು ಕ್ಲಾಸಿನವರು ಒಪ್ಪಿ, ಮೂಲ ಲಾಗನ್ನೂ ಅಳಿಸಿದೆವು. ಲಿಂಕಿನಿಂದ ನಂಬರು ತೆಗೆಸಿದ್ದು ಓನರ ಕೆಲಸ. ಅವರು ಜೋರು ಮಾಡಿ ಮಾಡಿಸಿದರು.

ಆ ದಿನ ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ಕೇಳಿಸಿಕೊಂಡು, ಸ್ವಲ್ಪ ಯೋಚಿಸಿ ಕೇಳಿದರು.

“ನಾ ಹೇಳಿದ್ದನ್ನ ನೀವು ಒತ್ತಿದ್ರಲ್ಲ... ಅದು ನಿಮ್ಮ ಮಿಷನ್ನಿನಾಗ ಉಳದಿರ್ತೈತೇನ್ರಿ?”

ಉಳಿದಿತ್ತು. ನಾವು ಟೈಪ್ ಮಾಡಿದ ಪ್ರತಿ ಕಮಾಂಡನ್ನೂ ಕಪ್ಪು ಪರದೆ ನೆನಪಿಟ್ಟುಕೊಳ್ಳುತ್ತದೆ. ಮೇಲಿನ ಬಾಣದ ಗುಂಡಿ ಒತ್ತುತ್ತಾ ಹೋದರೆ ಹಳೆಯದೆಲ್ಲ ಬರುತ್ತದೆ. ಒತ್ತಿ ತೋರಿಸಿದೆ. ಭಾನುವಾರದ ಹುಡುಕಾಟ, ಅದರಲ್ಲಿ ಅವರ ನಂಬರು, ಇದ್ದದ್ದು ಇದ್ದ ಹಾಗೇ. ಎಲ್ಲ ಕಡೆ ಒರೆಸಿ, ಒರೆಸಿದ ಬಟ್ಟೆಯನ್ನು ಅಲ್ಲೇ ಬಿಟ್ಟಿದ್ದೆ. ಅವರ ಕಣ್ಣೆದುರೇ ಅದನ್ನೂ ತೆಗೆದೆ. ಇವತ್ತಿಗೂ ಯಾವ ಕೆಲಸ ಮುಗಿದರೂ ನಮ್ಮ ಆಫೀಸಿನಲ್ಲಿ ಕೊನೆಗೆ ಮಾಡುವುದು ಅದನ್ನೇ. ಅಕ್ಕ ಆಮೇಲೆ ನನ್ನ ಹೆಂಡತಿಯ ಹೆಸರಿನಲ್ಲಿ ಕ್ಲಾಸಿಗೆ ಹೊಸದಾಗಿ ಸೇರಿ ಪ್ರಿನ್ಸೆಸ್ ಕಟ್ ಪಾಠ ಮುಗಿಸಿದರು.

ಸ್ವಲ್ಪ ದಿನಗಳ ಮೇಲೆ ಆಫೀಸಿಗೆ ಒಂದು ಫೋನು ಬಂತು. ಎತ್ತಿದವನು ನಾನೇ.

“ಸರ್, ನಮಸ್ಕಾರ್ರೀ. ಹುಬ್ಬಳ್ಳಿಯಿಂದ ಮಾತಾಡಾಕತ್ತೀನಿ. ಹೊಲಿಗಿ ಕ್ಲಾಸಿನ ಡೇಟಾ ಕಳಿಸೀರಲ್ರಿ, ಅದರ ಒರಿಜಿನಲ್ ಬೇಕಿತ್ತರಿ. ಆಫೀಸಿನ ಕೆಲಸ ಅಲ್ರಿ, ಸ್ವಂತದ್ದು. ನಮ್ಮ ವೈನಿ ಮನಿ ಬಿಟ್ಟು ಹೋಗ್ಯಾರ. ಅವರಿಗೆ ಹೊಲಿಗಿ ಹುಚ್ಚು, ಈ ಕ್ಲಾಸಿಗೆ ಸೇರಿರಬೇಕು. ನಮ್ಮವ್ವ ಊಟ ಬಿಟ್ಟಾಳ್ರಿ. ಒಂದು ನಂಬರ ಹುಡುಕಿ ಕೊಡ್ರಿ ಸರ್, ನಿಮಗ ಪುಣ್ಯ ಬರ್ತೈತಿ.”

ಅತ್ತಿಗೆಯನ್ನು ಆ ಕಡೆ ವೈನಿ ಅನ್ನುತ್ತಾರೆ. ಒಳ್ಳೆಯ ದನಿ ಅವನದು, ಮೆತ್ತಗೆ, ಮರ್ಯಾದೆಯಾಗಿ. ವಿಷಯ ತಿಳಿಯದವರು ಯಾರೇ ಆಗಲಿ ಹುಡುಕಿ ಕೊಟ್ಟುಬಿಡುತ್ತಿದ್ದರು. ನಾನೂ ಕೊಟ್ಟುಬಿಡುತ್ತಿದ್ದೆನೋ ಏನೋ...

“ಒರಿಜಿನಲ್ ಅಳಿಸಿ ಆಯ್ತು ಸಾರ್. ನಮ್ಮ ಹತ್ರಾನೂ ಇಲ್ಲ.”

“ನೀವ ಕೋಡ್ ಹಾಕಿದವರಲ್ರಿ. ತಿರುಗಿ ತೆಗಿಯಾಕ ನಿಮಗ ಬಂದ ಬರ್ತೈತಿ.”

“ಹಾಕಿದ ನನಗೂ ಬರಲ್ಲ ಸಾರ್. ಹಂಗೇ ಹಾಕಿರೋದು.”

ಒಂದೇ ಒಂದು ಸುಳ್ಳು ಹೇಳಲಿಲ್ಲ. ಅವನು ಲಾಗಿನ ಬಗ್ಗೆ ಕೇಳಿದ, ನಮ್ಮ ಮೇಲಿನ ಮನೆಯ ಬಗ್ಗೆ ಕೇಳಲಿಲ್ಲ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ.

ಸಂಜೆ ಮೆಟ್ಟಿಲು ಹತ್ತಿ ಹೋಗಿ ಬಾಗಿಲಲ್ಲೇ ನಿಂತು ಹೇಳಿದೆ. ಅಕ್ಕ ಯಾವುದೋ ಸೀರೆಗೆ ಫಾಲ್ ಹಚ್ಚುತ್ತಿದ್ದರು. ತುಳಿಯುವುದು ನಿಲ್ಲಿಸಲಿಲ್ಲ. ಸೀರೆಯ ಕೊನೆ ತಲುಪಿ, ದಾರ ಕಚ್ಚಿ ತುಂಡರಿಸಿ, ಆಮೇಲೆ ತಲೆ ಎತ್ತಿದರು.

“ನಮ್ಮತ್ತಿ ಊಟ ಬಿಟ್ಟಾಳಂತೇನ್ರಿ? ಆಕಿ ಊಟ ಬಿಡೂವಾಕಿ ಅಲ್ಲೇಳ್ರಿ. ಮಗ ಸಾಯಾಕ ಬಿದ್ದಾಗನೂ ಎರಡು ರೊಟ್ಟಿ ತಿಂದ ಆಸ್ಪತ್ರಿಗಿ ಬಂದಾಕಿ.”

ಹಾಗೆಂದವರೇ ನಗಲು ಶುರು ಮಾಡಿದರು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು. ಕೆಳಗಿನಿಂದ ನನ್ನ ಹೆಂಡತಿ ಓಡಿ ಬಂದು, ಏನಾಯಿತು ಎಂದು ಕೇಳಿ, ತಾನೂ ಸೇರಿಕೊಂಡಳು.

ಮರುವರ್ಷ ಅಕ್ಕನಿಗೆ ಬೇರೆ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಹೊಲಿಗೆ ಕಲಿಸುವ ಕೆಲಸ. ಹೊರಡುವ ದಿನ ಹೇಳಲು ಬಂದು, ಊರಿನ ಹೆಸರು ಬಾಯಿಗೆ ಬರುವಷ್ಟರಲ್ಲಿ ನಾನೇ ತಡೆದೆ. “ನಮಗೂ ಹೇಳ್ಬೇಡಿ ಅಕ್ಕ. ನಮ್ಮ ಹತ್ರ ಇಲ್ದೇ ಇರೋದನ್ನ ಯಾರೂ ಕಿತ್ಕೊಳೋಕಾಗಲ್ಲ.” ಅಕ್ಕ ನನ್ನನ್ನು ನೋಡಿ ತಲೆಯಾಡಿಸಿದರು. ಹೆಂಡತಿಯ ಫೋನು ಕೇಳಿ ಇಸಿದುಕೊಂಡು, ಅದರಲ್ಲಿದ್ದ ತಮ್ಮ ನಂಬರನ್ನು ತಾವೇ ತೆಗೆದರು. ಆ ರಾತ್ರಿ ಹೆಂಡತಿ “ಎಂಥಾ ಮನುಷ್ಯರು ರೀ ನೀವು” ಎಂದಷ್ಟೇ ಅಂದು ಗೋಡೆ ಕಡೆ ತಿರುಗಿದಳು.

ಸರಿಯಾದದ್ದನ್ನೇ ಮಾಡಿದೆ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆಮೇಲೆ ಓನರ ಬಳಿ ಕೆಲಸ ಬಿಟ್ಟು ನಮ್ಮದೇ ಆಫೀಸು ತೆರೆದ ದಿನ ಹೆಂಡತಿ ಉಟ್ಟಿದ್ದ ಬ್ಲೌಸ್ ಅಕ್ಕ ಹೊಲಿದದ್ದು. ಕರೆಯೋಣವೆಂದರೆ ಎಲ್ಲಿ ಎಂದು ಕರೆಯುವುದು? ಕೋಟಿ ಸಾಲುಗಳಲ್ಲಿ ಬೇಕಾದ ಒಂದು ಸಾಲನ್ನು ಕ್ಷಣದಲ್ಲಿ ಎತ್ತಿ ಕೊಡುತ್ತೇನೆ. ಇವರನ್ನು ಹುಡುಕಲು ಮಾತ್ರ ಏನು ಟೈಪ್ ಮಾಡಬೇಕೆಂದು ತಿಳಿಯದು. ನಮಗೆ ಹೇಳಿದ್ದ ಹೆಸರು ಅವರ ನಿಜವಾದ ಹೆಸರೋ ಅಲ್ಲವೋ, ಅದೂ ಗೊತ್ತಿಲ್ಲ... ಬ್ಯಾಡರಹಳ್ಳಿಯ ಆ ಕೋಣೆಯಲ್ಲಿ ಈಗ ಫುಡ್ ಡೆಲಿವರಿ ಮಾಡುವ ಇಬ್ಬರಿದ್ದಾರೆ ಎಂದು ಕೇಳಿದೆ.

ಇವತ್ತಿಗೆ ನನ್ನ ಬಳಿ ಇರುವುದು ಇಷ್ಟು: ನಂದಿನಿ ಲೇಔಟಿನಲ್ಲಿ ಬಾಡಿಗೆಯ ಒಂದು ಆಫೀಸು, ಐದು ಕಂಪ್ಯೂಟರು, ಕೆಲಸಕ್ಕೆ ಮೂರು ಜನ, ಒಂಬತ್ತು ಕ್ಲೈಂಟುಗಳು, ಒಂದು ಸ್ಕೂಟರು. ಫೋನಿನಲ್ಲಿ ಆರುನೂರು ಚಿಲ್ಲರೆ ನಂಬರುಗಳು. ಅಕ್ಕನದು ಇಲ್ಲ.